ಹುಳದ ಮನೆಯೊಳಗೆ ಬಂದ ಕಾಪಿ

ಹೋದ ತಿಂಗಳು ಯಳಂದೂರಿನಲ್ಲಿ, ನನ್ನ ಜೊತೆ ಸ್ಕೂಲಿನಲ್ಲಿ ಪಾಠ ಹೇಳುವ ಗೆಳತಿಯ ಮನೆಗೆ ಬಾಣಂತಿ ನೋಡಲು ಹೋಗಿದ್ದೆ. ಅವಳ ತಂಗಿಗೆ ಹೆರಿಗೆಯಾಗಿತ್ತು. ಕೋಣೆಯ ಬಾಗಿಲು ತಳ್ಳಿದರೆ ಒಳಗೆ ಕತ್ತಲು. ಕಿಟಕಿಗೆ ಕಂಬಳಿ ಕಟ್ಟಿದ್ದರು. ಮಂಚದ ಪಕ್ಕ ಅಗ್ಗಿಷ್ಟಿಕೆಯಲ್ಲಿ ಇದ್ದಲಿನ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಬೆಳಗ್ಗಿಂದ ತಲೆನೋವು ಅಂತಾಳೆ ಕಣಮ್ಮ, ಒಂದ್ ಲೋಟ ಕಾಪಿ ತಂದ್ಕೊಡಾನಾ ಅಂತಿದ್ದೆ" ಅಂದರು.

ಆಮೇಲೆ ನಾನು ಮಾಡಿದ್ದು ನನಗೆ ಪೂರ್ತಿ ನೆನಪಿಲ್ಲ. ಕಂಬಳಿ ಕಿತ್ತೆನಂತೆ. ಅಗ್ಗಿಷ್ಟಿಕೆಯನ್ನು ಸೆರಗಿನಲ್ಲಿ ಹಿಡಿದು ಹಿತ್ತಲಿಗೆ ಒಯ್ದು ಬೋರಲು ಹಾಕಿದೆನಂತೆ. ಮಗು ಕಿಟಾರನೆ ಕಿರುಚಿತು. ಅಜ್ಜಿ ನನ್ನ ಹಿಂದೆಯೇ ಬಂದು, "ಏನ್ ತಾಯಿ ನಿಮ್ಗೆ, ಮೈಮೇಲೆ ಬಂದೈತಾ? ಅಸೀ ಬಾಣಂತಿಗೆ ಸೀತ ಆದ್ರೆ ನೀವ್ ನೋಡ್ಕತೀರಾ?" ಎಂದು ಬೈದರು. ಅಂಗೈ ಸುಟ್ಟಿದೆ ಎಂದು ಗೊತ್ತಾದದ್ದು ಮನೆಗೆ ಬಂದ ಮೇಲೆ.

ಆ ಕೈಗೆ ಬೆಣ್ಣೆ ಹಚ್ಚಿಕೊಂಡು, ಮಂಚದ ಕೆಳಗಿನ ಟ್ರಂಕು ಎಳೆದು, ಕಾಲೇಜಿನ ಕಾಲದ ಡೈರಿ ತೆಗೆದೆ. ಯಾಕೆ ತೆಗೆದೆನೋ. ಅದರಲ್ಲಿ ಏನಿದೆ ಎಂದು ಗೊತ್ತಿತ್ತು, ಗೊತ್ತಿದ್ದರಿಂದಲೇ ಇಷ್ಟು ವರ್ಷ ಮುಟ್ಟಿರಲಿಲ್ಲ.

ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರು ಹೊಸ ವರ್ಷಕ್ಕೆಂದು ಅಣ್ಣನಿಗೆ ಕೊಟ್ಟಿದ್ದ ಡೈರಿ ಅದು. ಅಣ್ಣನಿಗೆ ಸಹಿ ಹಾಕುವುದೇ ಬೇಸರ. ನಾನು ಮೈಸೂರಿನ ಹಾಸ್ಟೆಲಿಗೆ ಕೊಂಡೊಯ್ದೆ. ಯುದ್ಧದ ಕಾಲ. ಈಗ ಕೊಳ್ಳೇಗಾಲವೂ ಮೈಸೂರಿಗೆ ಸೇರುತ್ತದಂತೆ ಎಂದು ಎಲ್ಲೆಲ್ಲೂ ಮಾತು, ಆಗ ನಮ್ಮೂರು ಮದರಾಸಿನ ಕಡೆ, ನಾನು ಓದುತ್ತಿದ್ದುದು ಮಹಾರಾಜರ ಸೀಮೆಯಲ್ಲಿ. ಇಂಟರ್‌ಮೀಡಿಯಟ್‌ನಲ್ಲಿ ವಿಜ್ಞಾನ ತೆಗೆದುಕೊಂಡಿದ್ದೆ. ನಮ್ಮ ಊರಿನಲ್ಲಿ ಹಾಗೆ ಓದಿದ ಹುಡುಗಿ ಬೇರೆ ಇರಲಿಲ್ಲ, ಆ ಸಂಗತಿಯನ್ನು ನಾನು ಒಂದು ಗಳಿಗೆಯೂ ಮರೆತಿರಲಿಲ್ಲ ಎನ್ನುವುದು ಡೈರಿಯ ಅಕ್ಷರದಲ್ಲೇ ಕಾಣುತ್ತದೆ.

ಒಂದು ಪುಟದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ 'ಕಾಫಿಯ ಗುಣಗಳು' ಎಂದಿದೆ. ಹಾಸ್ಟೆಲಿಗೆ ಬರುತ್ತಿದ್ದ ಡಾಕ್ಟರಮ್ಮ ಒಂದು ಸಂಜೆ ಹುಡುಗಿಯರನ್ನು ಕೂಡಿಸಿಕೊಂಡು ಹೇಳಿದ್ದು. ಆಯಾಸ ಕಳೆಯುತ್ತದೆ, ತಲೆನೋವಿಗೆ ಒಳ್ಳೆಯದು, ಉಬ್ಬಸದವರಿಗೆ ಎದೆ ಹಗುರಾಗುತ್ತದೆ, ಬೆಳಗಿನ ಹೊತ್ತು ಹೊಟ್ಟೆ ಸರಾಗ, ಮಿತಿಯಲ್ಲಿದ್ದರೆ ಹೆದರಬೇಕಾದ್ದಿಲ್ಲ. ಕೆಳಗೆ ನನ್ನದೇ ಟಿಪ್ಪಣಿ: "ರಜಕ್ಕೆ ಹೋದಾಗ ಅವ್ವನಿಗೆ ಓದಿ ಹೇಳಬೇಕು."

ನಮ್ಮ ಮನೆಗೆ ಕಾಪಿ ಬಂದಿರಲಿಲ್ಲ. ಅವ್ವನ ಪ್ರಕಾರ ಅದು ರಕ್ತವನ್ನು ಸುಟ್ಟು ಕರಿ ಮಾಡುವ ವಸ್ತು. ಆದರೆ ದೊಡ್ಡ ಕಾರಣ ಹುಳದ ಮನೆ. ಅಂಗಳದ ಆಚೆಗೆ, ಮಣ್ಣುಗೋಡೆಯ ಉದ್ದನೆಯ ಕಟ್ಟಡದಲ್ಲಿ ನಾವು ರೇಷ್ಮೆಹುಳ ಸಾಕುತ್ತಿದ್ದೆವು. ಹುಳಕ್ಕೆ ಘಾಟು ಆಗದು. ಮಲ್ಲಿಗೆ ಮುಡಿದವರು ಒಳಗೆ ಹೋಗುವಂತಿಲ್ಲ, ನಶ್ಯ ಹಾಕುವವರು ಬಾಗಿಲಿಗೂ ಬರುವಂತಿಲ್ಲ, ಅಡುಗೆಮನೆಯಲ್ಲಿ ಒಗ್ಗರಣೆ ಕೊಟ್ಟರೆ ಸೀರೆ ಬದಲಾಯಿಸಿಯೇ ಹೋಗಬೇಕು. "ಉಳದ ಮೂಗು ನಮ್ಮ ಮೂಗಿಗಿಂತ ಚುರುಕು ಕಣಮ್ಮಿ" ಎನ್ನುವಳು ಅವ್ವ. ಕಾಪಿ ಹುರಿದ ವಾಸನೆಯಂತೂ ಅವಳಿಗೆ ಮಾರಿ ಬಂದಂತೆ. ಪಕ್ಕದೂರಿನ ಯಾರದೋ ಮನೆಯಲ್ಲಿ ಕಾಪಿಬೀಜ ಹುರಿದ ವಾರ ಹುಳವೆಲ್ಲ ಸಪ್ಪೆರೋಗ ಹಿಡಿದು ಬಿದ್ದವೆಂದು ಅವಳು ಬಹಳ ಸಲ ಹೇಳುತ್ತಿದ್ದಳು.

ಅತ್ತಿಗೆ ಹನೂರಿನಾಚೆ ಲೊಕ್ಕನಹಳ್ಳಿಯವಳು. ಕಾಡಂಚಿನ ಊರು. ಅಲ್ಲಿ ರಾತ್ರಿ ಅಟ್ಟಣೆಯ ಮೇಲೆ ಕೂತು ಹೊಲ ಕಾಯುವವರೆಲ್ಲ ಬೆಲ್ಲ ಹಾಕಿದ ಕರಿಕಾಪಿ ಕುಡಿದೇ ಬೆಳೆದವರು. "ಕಾಪಿ ಕುಡೀದೆ ಅಟ್ಟಣೆ ಅತ್ತಿದ್ರೆ ಆನೆಗೂ ಗೊತ್ತಾಯ್ತದೆ, ಇವತ್ತು ಇವ್ನು ತೂಕಡಿಸ್ತಾವ್ನೆ ಅಂತ" ಎಂದು ನನಗೆ ಹೇಳಿ ನಗುತ್ತಿದ್ದಳು. ಸೊಸೆಯಾಗಿ ಬಂದ ದಿನ ಕಾಪಿ ಬಿಟ್ಟಳು. ಬಿಟ್ಟೆನೆಂದು ಯಾರಿಗೂ ಹೇಳಲಿಲ್ಲ. ಅವ್ವನಿಗೆ ಬಯಲುಸೀಮೆಯ ಹೆಣ್ಣು ತರುವ ಆಸೆಯಿತ್ತು, ಈ ಸಂಬಂಧ ಅಪ್ಪ ಮಾಡಿಟ್ಟು ಹೋಗಿದ್ದು. ಹಾಗಾಗಿ ಅತ್ತೆಸೊಸೆಯರ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ಸೊಪ್ಪು ಬಂತಾ, ಬಂತು. ತಟ್ಟೆ ತೊಳೆದ್ಯಾ, ತೊಳೆದೆ. ಅಷ್ಟೇ.

ಆ ವರ್ಷ ದೀಪಾವಳಿಯ ರಜಕ್ಕೆ ಬಂದೆ. ಬಟ್ಟೆಗಳ ನಡುವೆ ಒಂದು ಡಬ್ಬಿ ಕಾಪಿಪುಡಿ ಇಟ್ಟುಕೊಂಡಿದ್ದೆ. ಬಂದ ಮಾರನೆಯ ದಿನದಿಂದಲೇ ಜಡಿಮಳೆ ಹಿಡಿಯಿತು. ಹಿಪ್ಪುನೇರಳೆ ಸೊಪ್ಪು ನೆನೆದುಬಿಟ್ಟರೆ ಹುಳಕ್ಕೆ ಹಾಕುವಂತಿಲ್ಲ, ಒಂದೊಂದೇ ಎಲೆಯನ್ನು ಬಟ್ಟೆಯಲ್ಲಿ ಒರೆಸಬೇಕು. ಹುಳದ ಮನೆಯೂ ತಣ್ಣಗಾಗಬಾರದು. ಅವ್ವ ಕಿಟಕಿಗಳಿಗೆ ಗೋಣಿ ಹೊಲಿದು ಬಿಗಿದಳು, ಎರಡು ಅಗ್ಗಿಷ್ಟಿಕೆ ಇಡಿಸಿದಳು. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು.

ಅತ್ತಿಗೆಗೆ ತಲೆನೋವು ಶುರುವಾಯಿತು. ಹುಳಕ್ಕೆ ಸೊಪ್ಪು ಹಾಕಿ ಈಚೆಗೆ ಬರುವಾಗ ಹಣೆ ಹಿಡಿದುಕೊಂಡೇ ಬರುವಳು. ಅವ್ವ ಶುಂಠಿ ತೇಯ್ದು ಹಚ್ಚಿಸಿದಳು, ವೀಳ್ಯದೆಲೆಗೆ ಸುಣ್ಣ ಸವರಿ ಕಣತಲೆಗೆ ಅಂಟಿಸಿದಳು. ನಾನು ಡೈರಿ ತೆರೆದು ಕೆಂಪು ಶಾಯಿಯ ಪುಟ ಓದಿದೆ. ಅವ್ವ ರಾಗಿ ಕೇರುವುದನ್ನು ನಿಲ್ಲಿಸಲೂ ಇಲ್ಲ.

"ಆ ಡಾಕ್ಟ್ರಮ್ಮ ಉಳ ಸಾಕವ್ಳಾ?"

"ಇಲ್ಲ ಕಣವ್ವ."

"ಮತ್ತೆ ಅವ್ಳಿಗೇನ್ ಗೊತ್ತು ಬುಡು."

"ತಲೆನೋವು ಹುಳಕ್ಕಲ್ಲ ಅವ್ವ, ಮನುಷ್ಯರಿಗೆ."

"ಓದಿಸ್ಬಾರ್ದಿತ್ತು ನಿನ್ನ. ಎಲ್ಲಾದ್ಕೂ ಒಂದ್ ಬಾಯಿ."

ಅತ್ತಿಗೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡೇ ನಕ್ಕಳು. ಅವಳು ನನ್ನನ್ನು ಕರೆಯುತ್ತಿದ್ದುದೇ ಕಾಲೇಜವ್ವ ಎಂದು.

ಒಂದು ಬೆಳಿಗ್ಗೆ ಅವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿ ಓಕರಿಸುತ್ತಿದ್ದುದನ್ನು ಅವ್ವ ನೋಡಿದಳು. ನನ್ನ ಕಡೆ ತಿರುಗದೆ, "ಆ ನಿನ್ ಪುಡಿ ತತ್ತಾ" ಅಂದಳು. ತಾನೇ ಒಲೆ ಮುಂದೆ ಕೂತು ಕಾಯಿಸಿದಳು. ಬಟ್ಟೆಯಲ್ಲಿ ಸೋಸಿ, ಹಾಲು ಬೆಲ್ಲ ಹಾಕಿ, ಬೆಲ್ಲ ಸಾಲದೆನ್ನಿಸಿ ಇನ್ನೊಂದು ಅಚ್ಚು ಪುಡಿ ಮಾಡಿ ಹಾಕಿದಳು. ನಿಯಮವನ್ನೂ ಜೊತೆಗೇ ಹೇಳಿದಳು. ಕುಡಿಯುವುದು ಬೀದಿಯ ಕಡೆಯ ಜಗಲಿಯಲ್ಲಿ. ಕುಡಿದು ಬಾಯಿ ಮುಕ್ಕಳಿಸಿ, ಕೈ ತೊಳೆದು, ವಾಸನೆ ಹೋಗುವ ತನಕ ಅಲ್ಲೇ ಕೂತಿರಬೇಕು. ಆಮೇಲೆ ಹುಳದ ಮನೆ.

ಅತ್ತಿಗೆ ಜಗಲಿಯಲ್ಲಿ ಕೂತು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದಳು. ಮಳೆಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. "ಓಯ್ತು ಅತ್ತೆಮ್ಮ" ಅಂದಳು, ನಂಬಲಾಗದವಳಂತೆ. ಅವ್ವನ ಮುಖ ನೋಡಬೇಕಿತ್ತು. ಆ ದಿನದ ಪುಟದಲ್ಲಿ ನಾನು ಬರೆದಿದ್ದೇನೆ: "ಇಂದು ಕಾಫಿ ಗೆದ್ದಿತು."

ಅಲ್ಲಿಂದ ಅದು ದಿನದ ಪದ್ಧತಿಯಾಯಿತು. ತಲೆ ಹಿಡಿದುಕೊಂಡು ಅತ್ತಿಗೆ ಬರುವುದು, ಅವ್ವ ಕಾಪಿ ಕೊಡುವುದು, ತಲೆನೋವು ಇಳಿಯುವುದು. ವಾಸನೆ ಹೋಗಲೆಂದು ಕಾಯುವ ಹೊತ್ತಿನಲ್ಲಿ ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ, ಹಾಗಾಗಿ ಮಾತಾಡಿದರು. ಅಷ್ಟು ವರ್ಷ ಆಡದಿದ್ದ ಮಾತು. ಅವ್ವನ ತಂಗಿ ಚಿಕ್ಕಂದಿನಲ್ಲಿ ತೀರಿಹೋದದ್ದು ನನಗೂ ಗೊತ್ತಿರಲಿಲ್ಲ, ಅತ್ತಿಗೆಗೆ ಹೇಳುತ್ತಿದ್ದಾಗ ಕೇಳಿಸಿಕೊಂಡೆ. ಅತ್ತಿಗೆ ಆನೆಯ ಕತೆ ಹೇಳಿದರೆ ಅವ್ವ, "ಸುಳ್ಳಿ, ಸುಳ್ಳಿ, ಆನೆ ಎಲ್ಲಾದ್ರೂ ಬಾಗ್ಲು ತಟ್ತದಾ?" ಎಂದು ಬೆನ್ನಿಗೆ ಗುದ್ದುವಳು. ಉಪ್ಪು ಹುಳಿ ನೋಡುವಂತೆ ತಾನೂ ಒಂದು ಗುಟುಕು ಕುಡಿದು ನೋಡುತ್ತಿದ್ದವಳು, ಬರಬರುತ್ತಾ ಅರ್ಧ ಲೋಟಕ್ಕೆ ಬಂದಳು. ಸೊಸೆಯನ್ನು ಮಗ ಎಂದು ಕರೆಯತೊಡಗಿದಳು. ಡೈರಿಯ ತುಂಬ ಇದೇ ಇದೆ, ನಾನೇ ಮಾಡಿಸಿದ ಮದುವೆಯ ವರದಿಯಂತೆ.

ಇದ್ದಲು ಗಾಳಿ ಸಾಲದೆ ಉರಿದರೆ ಹುಟ್ಟುವ ವಿಷದ ಬಗ್ಗೆ ನಾನು ಅದೇ ವರ್ಷ ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವಾಸನೆಯೊಂದಕ್ಕೇ ಹೆದರುತ್ತಿದ್ದ ಮನೆ ನಮ್ಮದು. ನನ್ನ ತಲೆಯಲ್ಲಿ ಆ ಉತ್ತರ ಬೇರೆ ಕಡೆ ಇತ್ತು, ಅಗ್ಗಿಷ್ಟಿಕೆ ಬೇರೆ ಕಡೆ ಇತ್ತು.

ಆ ದಿನ ಬೆಳಗಿನ ಊಟದ ಹೊತ್ತಿಗೆ ಮಳೆ ಓರೆಯಾಗಿ ಹೊಡೆಯುತ್ತಿತ್ತು. ಹುಳ ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಬಕಾಸುರನಂತೆ ಸೊಪ್ಪು ತಿನ್ನುತ್ತಿದ್ದವು. ನಾಳೆ ನಾಡಿದ್ದರಲ್ಲಿ ಬಲಿತು ಹಣ್ಣಾಗಿ ಗೂಡು ಕಟ್ಟುವುವು. ಅತ್ತಿಗೆ ಬೆಳಗಿನಿಂದ ಒಳಗೇ ಇದ್ದಳು. ನಾನು ಒಳಜಗಲಿಯಲ್ಲಿ ಕೂತು ಎಲೆ ಒರೆಸುತ್ತಿದ್ದೆ. ಅವ್ವ ಕಾಪಿ ಕಾಯಿಸಿ ಅಂಗಳಕ್ಕೆ ಮುಖ ಹಾಕಿ ಕೂಗಿದಳು.

"ಬಾ ಮಗ, ಆರೋಯ್ತದೆ."

ಹುಳದ ಮನೆಯೊಳಗಿಂದ ಅತ್ತಿಗೆಯ ದನಿ ಬಂತು: "ಸೊಪ್ಪು ಆಕ್ಬುಟ್ಟು ಬತ್ತೀನಿ ಅತ್ತೆಮ್ಮ."

ಅವ್ವ ಅಂಗಳದಲ್ಲಿ ಹರಿಯುತ್ತಿದ್ದ ನೀರನ್ನು ನೋಡುತ್ತ ನಿಂತಳು. ಆಮೇಲೆ ಲೋಟಕ್ಕೆ ತಟ್ಟೆ ಮುಚ್ಚಿ, ಇನ್ನೊಂದು ಲೋಟವನ್ನೂ ತೆಗೆದುಕೊಂಡು, ತಲೆಯ ಮೇಲೆ ಗೋಣಿಯ ಗೊಪ್ಪೆ ಎಳೆದುಕೊಂಡು ಇಳಿದಳು.

"ಅವ್ವಾ! ಒಳಕ್ಕೆ ಕಾಪಿನಾ?"

"ಬಾಯಿ ಮುಚ್ಕಂಡು ಎಲೆ ವರ್ಸು. ಒಂದಿನಕ್ಕೆ ಉಳ ಏನೂ ಸಾಯಾಕಿಲ್ಲ. ಅವ್ಳು ನೆಂದ್ರೆ ಮಲಗ್ತಾಳೆ."

ನನಗೆ ನಗು ಬಂತು. ಹಿಗ್ಗೂ ಬಂತು. ಅವ್ವ ಒಳಗೆ ಹೋಗಿ, ಗಾಳಿ ನುಗ್ಗದಂತೆ ಬಾಗಿಲು ಎಳೆದುಕೊಂಡಳು.

ಗುಡ್ಡೆ ಹಾಕಿದ್ದ ಎಲೆಯನ್ನೆಲ್ಲ ಒರೆಸಿ ಮುಗಿಸಿದೆ. ಅವಸರ ಮಾಡಲಿಲ್ಲ. ಇಬ್ಬರೂ ಒಳಗೆ ಮಾತಾಡುತ್ತ ಕೂತಿರಬೇಕು, ನಾನು ಹೋಗಿ ಕೆಡಿಸುವುದು ಬೇಡ ಎಂದುಕೊಂಡೆ. ಕೊನೆಗೆ ಕುಕ್ಕೆ ಎತ್ತಿಕೊಂಡು ಅಂಗಳ ದಾಟಿ ಬಾಗಿಲು ತಳ್ಳಿದೆ.

ಈ ಗಳಿಗೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಪಾಠ ಹೇಳುವಾಗ, ಬಸ್ಸಿನಲ್ಲಿ, ಉಣ್ಣುತ್ತ ಕೂತಾಗ, ಕರೆಯದೆಯೇ ಬರುತ್ತದೆ. ಒಳಗೆ ಹಿತವಾದ ಬಿಸಿ. ಸಾವಿರಾರು ಹುಳ ಸೊಪ್ಪು ಮೇಯುವ ಸರಸರ ಸದ್ದು. ಹುಳದ ತಟ್ಟೆ ಜೋಡಿಸಿದ ಅಟ್ಟಣೆಯ ಕಾಲಿಗೆ ಒರಗಿ ಅವ್ವ ಕೂತಿದ್ದಾಳೆ, ಅವಳ ತೊಡೆಯ ಮೇಲೆ ಅತ್ತಿಗೆಯ ತಲೆ. ಇಬ್ಬರ ಮುಖವೂ ಕೆಂಪಗೆ, ಚೆಂದವಾಗಿದೆ. ಅವ್ವ ನನ್ನ ಕಡೆ ನಿಧಾನವಾಗಿ ತಿರುಗಿ, ಕುಡಿದವರಂತೆ ಎಳೆದೆಳೆದು ಹೇಳುತ್ತಾಳೆ: "ಸದ್ದು ಮಾಡ್ಬ್ಯಾಡ. ಈಗ ನಿದ್ದೆ ಬಂದದೆ. ಎಲ್ಡನೇ ಲೋಟನೂ ಕುಡಿಸ್ದೆ."

ನಾನು ಕುಕ್ಕೆ ಹಿಡಿದು ನಗುತ್ತ ನಿಂತಿದ್ದೆ. ಕಾಪಿ ಕುಡಿದವರಿಗೆ ನಿದ್ದೆ ಹೇಗೆ ಬಂತು ಎಂದು ಕೂಡ ಹೊಳೆಯದೆ, ಎಂಥಾ ಚೆಂದ ಎಂದುಕೊಂಡು ನಿಂತಿದ್ದೆ. ಅವ್ವನ ಕೈಯಿಂದ ಲೋಟ ಜಾರಿತು. ಉರುಳಿ ಕೆಂಡದ ಹತ್ತಿರಕ್ಕೆ ಹೋಯಿತು. ಅವ್ವ ಅದು ಉರುಳುವುದನ್ನು ನೋಡಿದಳು, ಕೈ ಚಾಚಲಿಲ್ಲ. ಹುಳದ ಮನೆಯ ನೆಲದ ಮೇಲೆ ಒಂದು ಕಡ್ಡಿ ಬಿದ್ದರೂ ಎತ್ತುತ್ತಿದ್ದವಳು. ಅತ್ತಿಗೆಯ ಗಲ್ಲದ ಮೇಲೆ ಕಾಪಿ ಹರಿದು ಒಣಗಿತ್ತು. ಆಗ ಕುಕ್ಕೆ ಕೆಳಗೆ ಹಾಕಿದೆ, ಯಾಕೆಂದು ಆಗಲೂ ಪೂರ್ತಿ ತಿಳಿದಿರಲಿಲ್ಲ. ಅವ್ವನ ರಟ್ಟೆ ಹಿಡಿದು ಎಳೆದೆ, ಬರಲಿಲ್ಲ. ಅಂಗಳಕ್ಕೆ ಬಿದ್ದು ಅಣ್ಣನನ್ನು ಕೂಗಿದೆ.

ಕೊಟ್ಟಿಗೆಯಿಂದ ಅಣ್ಣನೂ ಆಳೂ ಓಡಿ ಬಂದರು. ಅಣ್ಣ ಅತ್ತಿಗೆಯನ್ನು ಮೂಟೆಯಂತೆ ಹೊತ್ತು ತಂದು ಮಳೆಯಲ್ಲೇ ಮಲಗಿಸಿದ. ಆಳು ಅವ್ವನನ್ನು ತೋಳು ಹಿಡಿದು ಎಳೆದು ತಂದ. ಅವ್ವ ಅಂಗಳದಲ್ಲಿ ಅಂಬೆಗಾಲಿಕ್ಕುತ್ತ, "ಬಾಗ್ಲಾಕ್ರೋ, ಉಳಕ್ಕೆ ಗಾಳಿ ಒಡೀತದೆ" ಅನ್ನುತ್ತಿದ್ದಳು. ನಾನು ಗೋಣಿಗಳನ್ನು ಉಗುರಿನಲ್ಲಿ ಕಿತ್ತೆ. ಅತ್ತಿಗೆಯ ತೆರೆದ ಬಾಯಿಗೆ ಮಳೆಹನಿ ಬೀಳುತ್ತಿತ್ತು, ಅವಳು ಮುಚ್ಚಲಿಲ್ಲ. ಅಣ್ಣ ಹುಚ್ಚನಂತೆ, "ಕಾಪಿ ತಕಂಬಾ, ಬಿಸೀದು, ಬಾಯಿಗುಯ್ಯಿ" ಎಂದು ಕಿರುಚುತ್ತಿದ್ದ. ಬೇಡ, ಉಸಿರು ಕಟ್ಟುತ್ತದೆ ಎಂದು ನಾನು ಕಿರುಚಿದೆ. ಪಕ್ಕಕ್ಕೆ ಹೊರಳಿಸಿದೆವು. ಎಷ್ಟು ಹೊತ್ತೋ. ಗೊರಕೆಯಂಥ ಒಂದು ಉಸಿರು ಬಂತು. ಆಮೇಲೆ ಕುಡಿದದ್ದೆಲ್ಲ ವಾಂತಿಯಾಯಿತು.

ಗಾಡಿ ಕಟ್ಟಿ ಕೊಳ್ಳೇಗಾಲದ ಆಸ್ಪತ್ರೆಗೆ ಕೊಂಡೊಯ್ದೆವು. ಗಾಡಿಗೆ ಕಮಾನು ಕಟ್ಟಲು ಬಿಡಲಿಲ್ಲ ನಾನು. ಡಾಕ್ಟರು ಎರಡು ಪ್ರಶ್ನೆ ಕೇಳಿ, ಇದ್ದಲಿನ ವಿಷ ಎಂದರು. ಸಂಜೆಯ ಹೊತ್ತಿಗೆ ಅತ್ತಿಗೆ ಕಣ್ಣು ಬಿಟ್ಟು, "ಸೊಪ್ಪು ಯಾರಾಕುದ್ರು?" ಅಂದಳು. ಅಣ್ಣ ಗೋಡೆಯ ಕಡೆ ತಿರುಗಿ ಅತ್ತ.

ಅವ್ವ ಒಂದೆರಡು ದಿನದಲ್ಲಿ ಎದ್ದು ಓಡಾಡಿದಳು. ಒಂದು ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು: "ಅಲ್ಲ ಕಣಮ್ಮಿ, ದಿನಾ ವಾಸಿ ಮಾಡ್ತಿದ್ದ ಕಾಪಿ ಅವತ್ ಒಂದಿನ ಯಾಕ್ ಕೈ ಬುಡ್ತು?"

ಕೇಳಿದ್ದೇ ತಡ, ನಾನು ಪಾಠ ಹೇಳಿದೆ. ಗೋಣಿ, ಇದ್ದಲು, ರಕ್ತ, ಉಸಿರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ದಿನಾ ವಾಸಿ ಮಾಡುತ್ತಿದ್ದುದು ಹೆಚ್ಚುಪಾಲು ಕಾಪಿಯಲ್ಲ, ಕಾಪಿಗೆಂದು ಅವಳು ಈಚೆಗೆ ಬಂದು, ವಾಸನೆ ಹೋಗಲೆಂದು ಗಾಳಿಯಲ್ಲಿ ಕೂರುತ್ತಿದ್ದುದು ಎಂದೆ. ಅವತ್ತು ಗಾಳಿ ಸಿಕ್ಕಲಿಲ್ಲ, ಕಾಪಿ ಮಾತ್ರ ಸಿಕ್ಕಿತು ಎಂದೆ. ಹೇಳುತ್ತ ಹೇಳುತ್ತ ನನಗೇ ಎಲ್ಲ ಎಷ್ಟು ಸರಿಯಾಗಿ ಕೂಡಿಕೊಳ್ಳುತ್ತಿದೆಯಲ್ಲ ಎನ್ನಿಸಿತ್ತು.

ಅವ್ವ ತನ್ನ ಅಂಗೈ ನೋಡಿಕೊಂಡಳು. "ಅಂಗಾರೆ ನಾನು ಒಳಕ್ಕೆ ತಕಂಡೋಗ್ದೆ ಇದ್ದಿದ್ರೆ, ಅವ್ಳೇ ಈಚೆಗೆ ಬತ್ತಿದ್ಳು."

ನಿನ್ನ ತಪ್ಪೇನವ್ವ ಅದರಲ್ಲಿ ಎಂದು ನಾನು ಏನೇನೋ ಅಂದೆ. ಅವಳು ಎದ್ದು ಹೋದಳು. ಡೈರಿಯಲ್ಲಿ ಆ ದಿನ ಹೀಗಿದೆ: "ಅವ್ವನಿಗೆ ಕಾರಣ ವಿವರಿಸಿದೆ. ಅರ್ಥವಾಯಿತು."

ಅತ್ತಿಗೆಯನ್ನು ಸುಧಾರಿಸಿಕೊಳ್ಳಲೆಂದು ತವರಿಗೆ ಕಳಿಸಿದರು. ಹನೂರಿನ ತನಕ ಬಸ್ಸು, ಅಲ್ಲಿಂದ ಗಾಡಿ. ನಾನೇ ಬಿಟ್ಟು ಬಂದೆ. ಅವಳ ತಾಯಿ ಕರಿಕಾಪಿ ಕೊಟ್ಟರು. ಅತ್ತಿಗೆ ಒಂದು ಗುಟುಕು ಕುಡಿದು, "ಅತ್ತೆಮ್ಮ ಬೆಲ್ಲ ಜಾಸ್ತಿ ಆಕ್ತಾರೆ" ಎಂದು ನಕ್ಕಳು. "ನೋಡ್ದ್ಯಾ, ನಮ್ ಕಾಪಿನೇ ಸೇರಾಕಿಲ್ಲ ಈಗ ಇವ್ಳಿಗೆ" ಎಂದು ತಾಯಿ ಮೂದಲಿಸಿದರು. ಕರೆತರಲು ಮತ್ತೆ ನಾನೇ ಹೋದ ದಿನ ಅತ್ತಿಗೆ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಸಡಗರದಲ್ಲಿದ್ದಳು.

ಮನೆಗೆ ಬಂದರೆ ಕಾಪಿಪುಡಿಯ ಡಬ್ಬಿಯನ್ನು ಅವ್ವ ಅವಳ ಕೈಗೇ ಕೊಟ್ಟುಬಿಟ್ಟಳು. ಅಡುಗೆಮನೆಯನ್ನೂ ಕೊಟ್ಟಳು. ಕಂಡವರು ಸೊಸೆಗೆ ದೊಡ್ಡಸ್ತಿಕೆ ಬಂತು ಎಂದರು. ಆದರೆ ಅಂದಿನಿಂದ ಅವ್ವ ತನ್ನ ಕೈಯಿಂದ ಸೊಸೆಗೆ ಏನೂ ಕೊಡಲಿಲ್ಲ. ಒಂದು ತುತ್ತಿಲ್ಲ, ಒಂದು ಲೋಟ ನೀರಿಲ್ಲ. ಅತ್ತಿಗೆಗೆ ಜ್ವರ ಬಂದರೆ ಗಂಜಿ ಕಾಯಿಸಿ, ಅಣ್ಣನ ಕೈಯಲ್ಲೋ ನನ್ನ ಕೈಯಲ್ಲೋ ಕೊಡಿಸುವಳು. ಅವತ್ತು ಗಾಳಿ ಹೊಡೆದು ಹುಳ ಹಾಳಾದದ್ದಕ್ಕೆ ಸಿಟ್ಟಾ ಎಂದು ಅತ್ತಿಗೆ ನನ್ನನ್ನು ಕೇಳಿದಳು. ಸಿಟ್ಟಿಲ್ಲ ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲಿಲ್ಲ. ಒಮ್ಮೆ ಹೇಳಿ ಕಂಡದ್ದು ಸಾಕಾಗಿತ್ತು.

ಅತ್ತಿಗೆ ಒಂದು ಬೆಳಿಗ್ಗೆ ತಾನೇ ಹೋಗಿ ಅವ್ವನ ಮುಂದೆ ಕೂತಳು. "ಒಂದ್ ಲೋಟ ನಿಮ್ ಕೈಯಿಂದ ಕೊಡಿ ಅತ್ತೆಮ್ಮ. ಜಗಲೀಲೇ ಕುಂತ್ಕತೀನಿ, ಎಷ್ಟೊತ್ತಾದ್ರೂ."

"ನೀನೇ ಕಾಯಿಸ್ಕ ಮಗ" ಎಂದು ಅವ್ವ ಮುಖ ತಿರುಗಿಸಿದಳು.

ಮಗ ಎನ್ನುವ ಮಾತು ಉಳಿಯಿತು, ಕೈ ಉಳಿಯಲಿಲ್ಲ. ಅವ್ವ ಬದುಕಿದ್ದಷ್ಟು ದಿನವೂ ಹಾಗೇ ನಡೆಯಿತು. ಕೊನೆಯ ಕಾಯಿಲೆಯಲ್ಲಿ ಅತ್ತಿಗೆಯೇ ಗಂಜಿ ಕುಡಿಸಿದಳು, ಅವ್ವ ಕುಡಿದಳು. ಅವ್ವ ತೀರಿಕೊಂಡು ಎರಡು ವರ್ಷವಾಯಿತು.

ಅಂಗೈ ಸುಟ್ಟುಕೊಂಡ ವಾರ ರಜ ಹಾಕಿ ಊರಿಗೆ ಹೋದೆ. ಅತ್ತಿಗೆ ಕೈ ನೋಡಿ, "ಇದೇನ್ ಕಾಲೇಜವ್ವಾ, ಕೆಂಡ ಎತ್ತಾಕ್ ಓಗಿದ್ದಾ?" ಅಂದಳು. ಬಾಣಂತಿಯ ಕೋಣೆಯ ಕತೆ ಹೇಳಿದೆ. ಹೇಳುತ್ತ, ಯಾವತ್ತೂ ಬಾಯಿ ಬಿಡದಿದ್ದ ಇನ್ನೊಂದು ಮಾತನ್ನೂ ಹೇಳಿಬಿಟ್ಟೆ. ತಾನು ಒಳಗೆ ತರದೆ ಇದ್ದಿದ್ದರೆ ನೀನು ಈಚೆಗೆ ಬರುತ್ತಿದ್ದೆ ಎಂದು ಅವ್ವ ಕೊರಗಿದಳು, ಆ ಕಾರಣಕ್ಕೇ ಕೈ ಹಿಂದಕ್ಕೆ ತೆಗೆದುಕೊಂಡಳು ಎಂದೆ.

ಅತ್ತಿಗೆ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು.

"ನಾನ್ ಎಲ್ ಬತ್ತಿದ್ದೆ?" ಅಂದಳು. "ಅತ್ತೆಮ್ಮ ಕೂಗ್ದಾಗ್ಲೇ ಕಾಲು ಬಿದ್ದೋಗಿದ್ವು. ಏಳಾಕೆ ನೋಡ್ದೆ, ಆಗ್ಲಿಲ್ಲ. ಇಂಗಾಯ್ತು ಅಂತ ಅತ್ತೆಮ್ಮಂಗೆ ಅನ್ನಾಕೆ ನಾಚ್ಕೆಯಾಯ್ತು, ಸೊಪ್ಪು ಆಕ್ಬುಟ್ಟು ಬತ್ತೀನಿ ಅಂದೆ. ಕೈಲಿ ಒಂದೆಲೇನೂ ಇರ್ಲಿಲ್ಲ. ಅವ್ರು ಬರ್ದೆ ಇದ್ದಿದ್ರೆ ಒಬ್ಳೇ ಬಿದ್ದಿರ್ತಿದ್ದೆ. ಬಾಗ್ಲು ತೆಗೆದು ಬಂದ್ರಲ್ಲ, ಆಗೊಂದು ಗಾಳಿ ಬಂತು ಮೊಕಕ್ಕೆ. ಅದು ನೆಪ್ಪದೆ ನಂಗೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತಿಗೆ?"

"ನನ್ನ ಯಾರ್ ಕೇಳುದ್ರು ಕಾಲೇಜವ್ವಾ? ನೀನೇ ಅತ್ತೆಮ್ಮಂಗೆ ಎಲ್ಲಾ ಏಳ್ಬುಟ್ಟಿದ್ದಲ್ಲ."

ಸಿಟ್ಟಿನಿಂದ ಅಂದದ್ದಲ್ಲ. ಅಂದು, ಮತ್ತೆ ಕಾಯಿ ಸುಲಿಯಲು ಶುರು ಮಾಡಿದಳು. ನಾನು ಮೊರದ ಆಚೆಗೆ ಕೂತು, ಸುಟ್ಟಿರದ ಕೈಯಿಂದ ನಾಕು ಕಾಯಿ ಎತ್ತಿಕೊಂಡೆ.